ನಮ್ಮ ಕಾಜಲ್‌ಳನ್ನು ಸಮುದ್ರ ದಾಟಿಸಿದವರಿಗೆ

ಸಪ್ತಸಾಗರ ಬಾಲಮಮತಾ ಪ್ರತಿಷ್ಠಾನದ ಪ್ರಚಾರ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಮುಂಡಗೋಡ ತಾಲೂಕಿನ ಮಳಗಿ ಬಳಿಯ ನಮ್ಮ ತಾಂಡಾದ ಸಮಸ್ತ ನಿವಾಸಿಗಳ ಪರವಾಗಿ, ಎಮ್ಮೆ, ಆಡು, ಕೋಳಿಗಳನ್ನೂ ಸೇರಿಸಿಕೊಂಡು, ತಮಗೆ ನಮಸ್ಕಾರಗಳು. ತಮ್ಮ ಆರೋಗ್ಯ, ತಮ್ಮ ಕ್ಯಾಮೆರಾದ ಆರೋಗ್ಯ ಹಾಗೂ ಅದರ ಚಿತ್ರಗಳನ್ನು ತಿದ್ದುವ ಕಂಪ್ಯೂಟರಿನ ಆರೋಗ್ಯ ಚೆನ್ನಾಗಿರಲೆಂದು ಹಾರೈಸುತ್ತೇನೆ. ಈ ಪತ್ರವನ್ನು ಗುಟ್ಟಾಗಿಯೂ ಬರೆಯಬಹುದಿತ್ತು. ಆದರೆ ನಮ್ಮ ಹುಡುಗಿಯ ಮುಖವನ್ನು ತಾವು ಬಸ್ ನಿಲ್ದಾಣಗಳ ಗೋಡೆಗೆ ಅಂಟಿಸಿರುವಾಗ ನಾವು ಮಾತ್ರ ಸಂಕೋಚಪಡುವುದು ಶೋಭಿಸುವುದಿಲ್ಲ.

ಕಳೆದ ವರ್ಷ ಸಮುದ್ರದಾಚೆಯ ದೇಶವೊಂದರಲ್ಲಿ ಭೂಕಂಪವಾಗಿ ಮಕ್ಕಳು ಮನೆ, ಶಾಲೆ ಕಳೆದುಕೊಂಡಾಗ, ನಮ್ಮೂರ ಅನ್ನಪೂರ್ಣಾ ಟೀಚರ್ ಅವರ ತರಗತಿಯವರು ಹಣ ಕೂಡಿಸಿ ತಮ್ಮ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದು ತಮಗೆ ನೆನಪಿರಬಹುದು. ಹೊಲವಿದ್ದವರ ಮಕ್ಕಳು ಗೋವಿನಜೋಳ ತಂದು ಮಾರಿದರು. ನಮ್ಮ ತಾಂಡಾದ ಹುಡುಗಿಯರ ಬಳಿ ಮಾರುವುದಕ್ಕೆ ಏನೂ ಇರಲಿಲ್ಲ. ದೀಪಾವಳಿಯ ಮೇರಾ ಇತ್ತು. ತಮ್ಮಂಥ ಓದಿದವರಿಗೆ ಇದು ತಿಳಿಯದಿರಬಹುದಾದ್ದರಿಂದ ವಿನಯದಿಂದ ಹೇಳುತ್ತೇನೆ: ಅಮಾವಾಸ್ಯೆಯ ಸಂಜೆ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ, ಹಿರಿಯರಿಗೆ ಒಳ್ಳೆಯದಾಗಲೆಂದು ಹಾಡುತ್ತಾರೆ, ಹಿರಿಯರು ಕಾಸು ಕೊಡುತ್ತಾರೆ. ಅದು ಹಾರೈಕೆಗೆ ಸಲ್ಲುವ ಮರ್ಯಾದೆ. ಆ ಕಾಸನ್ನು ಯಾವ ಅಪ್ಪನೂ ಮುಟ್ಟುವಂತಿಲ್ಲ. ಅದು ಬಳೆಗೆ, ರಿಬ್ಬನ್ನಿಗೆ. ಆ ವರ್ಷದ್ದಷ್ಟನ್ನೂ ಕಾಣದ ದೇಶದ ಹುಡುಗಿಯರಿಗೆ ಕೊಡೋಣವೆಂದು ಎಲ್ಲರನ್ನೂ ಹೊರಡಿಸಿದವಳು ನನ್ನ ಅಣ್ಣನ ಮಗಳು, ಹಾಡಿಗೆ ಮೊದಲು ದನಿ ಎತ್ತುವ ಕಾಜಲ್.

ಹಣ ಒಪ್ಪಿಸಿದ ದಿನ ತಮ್ಮ ಛಾಯಾಗ್ರಾಹಕರು ಬಂದಿದ್ದರು. ಅವರ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಕಾಜಲ್‌ಳನ್ನು ಶಾಲೆಯ ಮುಂದೆ, ದೇಣಿಗೆ ಡಬ್ಬಿಯ ಎದುರಿಗೆ ನಿಲ್ಲಿಸಿ, "ಬೂಟು ಬಿಚ್ಚವಾ, ಭಾಳ ಹೊಳೀತಾವು" ಎಂದರು, ಬಿಚ್ಚಿದಳು. "ಕೈ ಮುಂದ ಚಾಚು, ಅಂಗೈಯಾಗಿನ ರೊಕ್ಕ ಕಾಣ್ಲಿ. ನಗಬ್ಯಾಡ" ಎಂದರು. ಪಕ್ಕದಲ್ಲಿದ್ದ ಅವಳ ಅಜ್ಜಿ ರೂಪಿಬಾಯಿ, "ಯಾಕೋ ತಮ್ಮಾ, ಹುಡುಗಿ ನಕ್ಕರ ನಿನ್ನ ಕ್ಯಾಮೆರಾ ಒಡಿತೈತೇನ?" ಎಂದು ಕೇಳಿದಾಗ ಅವರು ಕ್ಯಾಮೆರಾದ ಗಾಜು ಒರೆಸಿಕೊಂಡರು. ಕಲಾವಿದರು ಮೌನಿಗಳು.

ಆ ಕಲೆಯ ಪೂರ್ಣರೂಪವನ್ನು ಕಳೆದ ತಿಂಗಳು, ನಾನು ಕೆಲಸಕ್ಕಿರುವ ದಾಂಡೇಲಿಯ ಬಸ್ ನಿಲ್ದಾಣದಲ್ಲಿ ಕಂಡೆ. ಕಾಜಲ್ ಇದ್ದಳು. ಅಂಗೈಯಲ್ಲಿ ಕಾಸಿರಲಿಲ್ಲ. ಎದುರಿಗಿದ್ದ ದೇಣಿಗೆ ಡಬ್ಬಿಯೂ ಇರಲಿಲ್ಲ. ಬೆನ್ನ ಹಿಂದಿನ ನಮ್ಮ ಶಾಲೆ ಕುಸಿದು ಬಿದ್ದಿತ್ತು. ಕೆಳಗೆ, "ಸಾಗರದಾಚೆಯ ಈ ಬರಿಗೈ ನಿಮ್ಮನ್ನು ಬೇಡುತ್ತಿದೆ" ಎಂದಿತ್ತು. ನಮ್ಮವರಿಗೆ ಜಾತಿ ಪ್ರಮಾಣಪತ್ರ ಸಿಗುವುದಕ್ಕೇ ಹಲವು ಸಲ ಮುಂಡಗೋಡಕ್ಕೆ ಅಲೆಯಬೇಕು. ತಾವು ಪಾಸ್‌ಪೋರ್ಟಿಲ್ಲದೆ, ವಿಮಾನವಿಲ್ಲದೆ, ಅಜ್ಜಿಗೆ ಒಂದು ಮಾತೂ ಹೇಳದೆ ಹುಡುಗಿಯನ್ನು ವಿದೇಶಕ್ಕೆ ಮುಟ್ಟಿಸಿದ ಚುರುಕುತನಕ್ಕೆ ಸರ್ಕಾರವೂ ನಾಚಬೇಕು.

ಪರಿಣಾಮವೂ ಅಷ್ಟೇ ಚುರುಕಾಗಿದೆ. ಶಾಲೆಯಲ್ಲಿ ಹುಡುಗರು, "ಏ ಫಾರಿನ್ ಭಿಕಾರಿ, ನಿಮ್ಮ ದೇಶದಾಗ ಚುರಮರಿ ಸಿಗ್ತೈತೇನ?" ಎಂದು ಕೇಳುತ್ತಿದ್ದಾರೆ. ಹಳಿಯಾಳದ ಕಡೆಯ ಮಕ್ಕಳು ಚಿತ್ರದ ಹುಡುಗಿಗೆ ಮರುಗಿ ತಿಂಡಿಯ ದುಡ್ಡು ಕೂಡಿಸಿದ್ದಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ, ಅವರ ಮನಸ್ಸೂ ಕಾಜಲ್‌ಳ ಮನಸ್ಸಿನಂಥದ್ದೇ. ಅದೇ ಚಿತ್ರ ಅಂಟಿಸಿದ ಡಬ್ಬಿ ಕೊನೆಗೆ ಅವಳ ತರಗತಿಗೇ ಬಂತು. ಅನ್ನಪೂರ್ಣಾ ಟೀಚರ್ ಅದನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು. ಆದರೆ ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಈಗ ಮತ್ತೆ ದೀಪಾವಳಿ ಹತ್ತಿರ ಬಂದಿದೆ, ನಾನೂ ಊರಿಗೆ ಬಂದಿದ್ದೇನೆ. ಕಾಜಲ್ ಮೇರಾಕ್ಕೆ ಹೋಗುವುದಿಲ್ಲವೆಂದು ಕುಳಿತಿದ್ದಾಳೆ. "ದೀಪ ಹಿಡ್ಕೊಂಡು ಬಾಗಲಕ್ಕ ನಿಂತ್ರ ಬೇಡಾಕ ಬಂದಾಳ ಅಂತಾರ ಕಾಕಾ" ಎನ್ನುತ್ತಾಳೆ. ಅವಳಿಲ್ಲದೆ ತಾವೂ ಹೋಗುವುದಿಲ್ಲವೆಂದು ಉಳಿದ ಹುಡುಗಿಯರು ಹೇಳಿದ್ದಾರೆ.

ಇದನ್ನೇ ತಮ್ಮ ಕಚೇರಿಗೆ ಫೋನ್ ಮಾಡಿ ತಿಳಿಸಿದೆ. ಮಧುರ ಕಂಠದ ಸಿಬ್ಬಂದಿಯೊಬ್ಬರು, ಚಿತ್ರದ ಮಗುವಿನ ಮೇಲಿನ ನಮ್ಮ ಕಳಕಳಿಗೆ ಧನ್ಯವಾದ ಹೇಳಿ, ತಿಂಗಳಿಗಿಷ್ಟೆಂದು ಕಟ್ಟಿದರೆ ಆ ಮಗುವಿನ ಪೋಷಕರಾಗಬಹುದೆಂದು ತಿಳಿಸಿದರು. ಪಕ್ಕದಲ್ಲಿ ಕೇಳಿಸಿಕೊಂಡ ರೂಪಿಬಾಯಿ, "ನನ್ನ ಮೊಮ್ಮಗಳನ್ನ ನಾ ಸಾಕಾಕ ಇವ್ರಿಗೆ ಯಾಕ ರೊಕ್ಕ ಕಟ್ಟಬೇಕೋ?" ಎಂದಳು. ಆ ಪ್ರಶ್ನೆಯನ್ನು ತಮ್ಮ ಅವಗಾಹನೆಗೆ ಕಳಿಸಿದ್ದೇನೆ.

ನಮ್ಮ ಬೇಡಿಕೆ ಸಣ್ಣದು. ಅಮಾವಾಸ್ಯೆಗೆ ಮುಂಚೆ ಆ ಚಿತ್ರಗಳನ್ನು ತೆಗೆದು, ಅದೇ ಗೋಡೆಗಳಿಗೆ ಕಾಸು ತುಂಬಿದ ಅಂಗೈಯ ಮೂಲ ಚಿತ್ರವನ್ನು ಅಂಟಿಸಬೇಕು, ಕೆಳಗೆ "ಈ ಹುಡುಗಿ ಕೊಟ್ಟಳು" ಎಂದು ಬರೆಯಬೇಕು. ಅದು ಕಷ್ಟವೆಂದಾದರೆ ನಮ್ಮ ತಾಂಡಾವನ್ನೇ ವಿದೇಶವೆಂದು ಘೋಷಿಸುವಂತೆ ಶಿಫಾರಸು ಮಾಡಬೇಕು. ಮಳಗಿಯ ಈಚೆಗೊಂದು ಸಮುದ್ರ ತರಿಸಿಕೊಟ್ಟರೆ ನಕ್ಷೆಗೂ ಒಪ್ಪುತ್ತದೆ. ಆಗ ನಮ್ಮ ಮುರಿದ ಮೋರಿಗೆ ವಿದೇಶಿ ನೆರವು ಬರುತ್ತದೆ, ದೊಡ್ಡವರು ಹೆಲಿಕಾಪ್ಟರಿನಲ್ಲಿ ಬಂದು ಸಂತಾಪ ಸೂಚಿಸುತ್ತಾರೆ. ಬಡವರ ಮುಖ ಮಾರುಕಟ್ಟೆಯ ಸರಕಲ್ಲ ಎಂದು ನಾನು ಸಂತೆಯಲ್ಲಿ ಕೊಂಡ ಕಿರುಹೊತ್ತಿಗೆಗಳಲ್ಲಿ ಓದಿದ್ದೇನೆ. ಬಡವರ ಕೈಯೂ ಕೊಡುತ್ತದೆ ಎಂಬುದನ್ನು ಓದಬೇಕಾಗಿರಲಿಲ್ಲ, ಮನೆಯಲ್ಲೇ ಕಂಡಿದ್ದೆ. ತಮ್ಮ ಕಂಪ್ಯೂಟರೂ ಅದನ್ನು ಕಂಡಿತ್ತು. ಕಂಡದ್ದರಿಂದಲೇ ಅಳಿಸಿತು.

ಸದ್ಯಕ್ಕೆ ಸ್ವದೇಶದಲ್ಲೇ ಉಳಿದಿರುವ,
ತಮ್ಮ ವಿಶ್ವಾಸಿ,
ಸುಭಾಷ
(ಕಾಜಲ್‌ಳ ಕಾಕಾ)

ತಾ.ಕ.: ಪತ್ರ ಮುಗಿಸಿ ಕಾಜಲ್‌ಗೆ ಓದಿ ಹೇಳಿದೆ. "ಅಲ್ಲೋ ಕಾಕಾ, ಪೋಸ್ಟರಿನ್ಯಾಗ ನಾ ಇದ್ದೇನಿ. ಖರೇನ ಮನಿ ಬಿದ್ದ ಹುಡುಗಿ ಎಲ್ಲದಾಳ? ಆಕಿಗೆ ನಮ್ಮ ರೊಕ್ಕ ಮುಟ್ಟೇತೋ ಇಲ್ಲೋ?" ಎಂದು ಮಾತ್ರ ಕೇಳಿದಳು. ಉತ್ತರ ತಮಗೆ ಗೊತ್ತಿದ್ದರೆ ದಯವಿಟ್ಟು ಫೋಟೋ ಕಳಿಸಬೇಡಿ, ಮಾತಿನಲ್ಲೇ ತಿಳಿಸಿ.