ಸೊಳ್ಳೆಯೂ ನುಸುಳದ ಫಾರಂ

ನನ್ನ ಹೆಂಡತಿ ಕುಂಬಾರಿಕೆ ಕಲಿಸುವ ತರಗತಿ ಶುರುಮಾಡುತ್ತೇನೆ ಎಂದಾಗ ಅದರ ವೆಬ್‌ಸೈಟಿನ ಹೊಣೆ ನನ್ನದೆಂದು ಎದೆ ತಟ್ಟಿಕೊಂಡೆ. ಹೇಳಿಕೇಳಿ ಆಫೀಸಿನಲ್ಲಿ ನನ್ನ ಕೆಲಸವೇ ಅದು. ತಪ್ಪು ಅರ್ಜಿ ನುಗ್ಗದಂತೆ ಊರವರ ಆನ್‌ಲೈನ್ ಫಾರಂಗಳನ್ನೆಲ್ಲ ಕಾಯುವ ವೀರ, ಸ್ವಂತ ಹೆಂಡತಿಯ ಫಾರಂಗೆ ಕಾವಲು ನಿಲ್ಲದಿದ್ದರೆ ಹೇಗೆ! ಒಂದು ಸೊಳ್ಳೆಯೂ ನುಸುಳದ ಹಾಗೆ ಮಾಡಿಕೊಡುವುದಾಗಿ ಘೋಷಿಸಿದೆ.

"ಸೊಳ್ಳೆ ವಿಷಯ ಬಿಡಿ, ಜನ ಬಂದ್ರೆ ಸಾಕು ರೀ," ಎಂದಳು.

ಅವಳು ಕೇಳಿದ್ದು ಹೆಸರು, ಫೋನ್ ನಂಬರು, ಯಾಕೆ ಕಲಿಯಬೇಕು ಎಂಬುದಕ್ಕೆ ಒಂದು ಸಾಲು, ಅಷ್ಟೇ. ಕೆಳಗಿನ ಕೋಣೆಯಲ್ಲಿ ಮಡಕೆ ಮಾಡಲು ಬಾಡಿಗೆಗೆ ತಂದ ಆರು ತಿಗರಿಗಳು ಬಂದು ಕುಳಿತಿದ್ದವು. ಸೋಮವಾರದೊಳಗೆ ಆರು ಜನ ಸೇರದಿದ್ದರೆ ಅವನ್ನು ಯಾವುದೋ ಶಾಲೆಗೆ ಕೊಟ್ಟುಬಿಡುವುದಾಗಿ ಬಾಡಿಗೆಯವನು ಹೇಳಿದ್ದ. ವರ್ಷಗಟ್ಟಲೆ ಕಂಡ ಕನಸು ಅದು. ಆ ವಾರವೆಲ್ಲ ಅವಳು ನಿದ್ದೆಯಲ್ಲೂ ಮಣ್ಣು ನಾದುವಂತೆ ಕೈ ಆಡಿಸುತ್ತಿದ್ದಳು.

ನಾನೂ ಸುಮ್ಮನೆ ಕೂರಲಿಲ್ಲ. ಹೆಸರಿನ ಜಾಗ ಖಾಲಿ ಬಿಡಬಾರದು ಎಂಬ ನಿಯಮ ಹಾಕಿದೆ. ಅದೊಂದು ಸಾಲದೆಂದು, ಅಕ್ಷರ ಬಿಟ್ಟು ಬೇರೇನೂ ಇರಕೂಡದೆಂದೆ. ಚುಕ್ಕಿ ಇಲ್ಲ, ನಡುವೆ ಜಾಗ ಇಲ್ಲ. ಐದಕ್ಷರಕ್ಕಿಂತ ಕಡಿಮೆಯಿದ್ದರೆ ಅದೂ ಒಂದು ಹೆಸರೇ? ಕಾರಣದ ಸರದಿ ಬಂದಾಗ, ಉದ್ದುದ್ದ ಓದಲು ಪುರುಸೊತ್ತಿಲ್ಲ ಎಂದು ಹೆಂಡತಿ ಹೇಳಿದ್ದು ನೆನಪಾಗಿ, ಐವತ್ತು ಅಕ್ಷರ ಮೀರಬಾರದೆಂದೆ. ಊಟವಾದ ಮೇಲೆ ಹೊಸದಾಗಿ ಜ್ಞಾನೋದಯವಾಯಿತು. ಒಂದು ಪದ ಗೀಚಿ ಕೈತೊಳೆದುಕೊಳ್ಳುವ ಸೋಮಾರಿಗಳು ನಮಗೇಕೆ? ಐವತ್ತಕ್ಕಿಂತ ಕಡಿಮೆಯೂ ಇರಬಾರದೆಂದೆ. ಅಲ್ಲಿಗೆ, ಅಳೆದು ತೂಗಿ ಐವತ್ತೇ ಅಕ್ಷರದಲ್ಲಿ ಆಸೆ ಹೇಳಿಕೊಳ್ಳುವ ಮಹಾತ್ಮರಿಗೆ ಮಾತ್ರ ಪ್ರವೇಶ ಎಂದಾಯಿತು. ಅದು ಆಗ ನನಗೆ ಹೊಳೆಯಲಿಲ್ಲ. ಎಲ್ಲರೂ ಫಾರಂ ಮೂಲಕವೇ ಬರಲಿ ಎಂದು ಅವಳ ಫೋನ್ ನಂಬರನ್ನೂ ಪುಟದಿಂದ ಕಿತ್ತುಹಾಕಿದೆ.

ಪರೀಕ್ಷೆಯನ್ನೇನೂ ಕಾಟಾಚಾರಕ್ಕೆ ಮಾಡಲಿಲ್ಲ. ಹೆಸರಿನಲ್ಲಿ ಅಂಕಿ ತುರುಕಿದೆ, ಫೋನ್ ನಂಬರಿನ ಜಾಗದಲ್ಲಿ ಮ್ಯಾಂವ್ ಎಂದು ಬರೆದೆ, ಕಾರಣವನ್ನು ಖಾಲಿ ಬಿಟ್ಟೆ. ಎಲ್ಲವನ್ನೂ ಫಾರಂ ಕತ್ತು ಹಿಡಿದು ಹೊರದಬ್ಬಿತು! ನನ್ನ ಬೆನ್ನು ನಾನೇ ತಟ್ಟಿಕೊಂಡು ಮಲಗಿದೆ. ಸರಿಯಾದದ್ದೊಂದನ್ನು ಹಾಕಿ ನೋಡಬೇಕೆಂದು ಮಾತ್ರ ತಲೆಗೆ ಬರಲಿಲ್ಲ.

ಶನಿವಾರ ಸಂಜೆಯಾದರೂ ಒಂದೂ ಅರ್ಜಿಯಿಲ್ಲ. ತಪ್ಪು ಅರ್ಜಿ ಒಂದಾದರೂ ಬಂತಾ ನೋಡು ಎಂದು ನಾನು ಬೀಗಿದೆ. ಅವಳು ಕೆಳಗಿಳಿದು ತಿಗರಿಗಳಿಗೆ ಬಟ್ಟೆ ಹೊದಿಸತೊಡಗಿದಳು.

"ನನ್ನ ಹತ್ರ ಕಲಿಯೋಕೆ ಯಾರಿಗೂ ಇಷ್ಟ ಇಲ್ಲ, ಅಷ್ಟೇ," ಎಂದಳು.

ನಾನೂ ಒಂದು ಬಟ್ಟೆ ಎತ್ತಿಕೊಂಡು ಅವಳ ಪಕ್ಕ ಹೋದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ, ಜನಕ್ಕೆ ಕಲೆಯ ಗಂಧವೇ ಇಲ್ಲವೆಂದು ಭಾಷಣ ಬಿಗಿಯತೊಡಗಿದೆ. ಅಷ್ಟರಲ್ಲಿ ಅವಳ ಅಕ್ಕನ ಫೋನು. ತಂಗಿಯ ತರಗತಿಗೆ ಲೆಕ್ಕಕ್ಕೊಬ್ಬಳಾಗೋಣವೆಂದು ಬೆಳಗಿನಿಂದ ಫಾರಂ ಜೊತೆ ಹೆಣಗಿದ್ದರಂತೆ. "ಅಪ್ಪ ಅಮ್ಮ ಇಟ್ಟ ಹೆಸರೇ ತಪ್ಪು ಅನ್ನುತ್ತಲ್ಲೇ ಇದು. ಹಾಗಾದ್ರೆ ಇಷ್ಟು ವರ್ಷ ನಾನು ಯಾರು?" ಎಂದು ಕೇಳಿದ್ದು ನನಗೂ ಕೇಳಿಸಿತು.

ಹೆಂಡತಿ ಫೋನಿಟ್ಟು ನನ್ನ ಕಡೆ ತಿರುಗಿದಳು. "ಬನ್ನಿ, ನನ್ನೆದುರಿಗೆ ನೀವೇ ತುಂಬಿ."

ನನ್ನ ಹೆಸರು ಬರೆದೆ. ಇನಿಷಿಯಲ್ ಮುಂದಿನ ಚುಕ್ಕಿ ಕಂಡು ಪುಟ ಕೆಂಪಾಯಿತು. ಚುಕ್ಕಿ ತೆಗೆದರೆ ನಡುವಿನ ಜಾಗ ತಪ್ಪು. ಕಾರಣ ಬರೆದರೆ ಕಡಿಮೆ, ಎರಡು ಪದ ಸೇರಿಸಿದರೆ ಹೆಚ್ಚು. ನಾನೇ ಕಟ್ಟಿದ ಕೋಟೆಯಲ್ಲಿ ನನಗೇ ಜಾಗವಿಲ್ಲ!

ತಿರಸ್ಕರಿಸಿದ್ದೆಲ್ಲ ಒಂದು ಕಡೆ ಉಳಿಯುವ ಏರ್ಪಾಡು ಇತ್ತು, ನಾನು ಅತ್ತ ಇಣುಕಿರಲಿಲ್ಲ ಅಷ್ಟೇ. ಈಗ ತೆರೆದೆ. ಸಾಲುಗಟ್ಟಿ ನಿಂತಿದ್ದರು ಜನ! ಹಲ್ಲಿನ ಡಾಕ್ಟರೊಬ್ಬರು ಮೊದಲು "ಮಣ್ಣಿನ ಕೆಲಸ ಇಷ್ಟ" ಎಂದು ಬರೆದಿದ್ದರು. ಮರುಪ್ರಯತ್ನದಲ್ಲಿ "ಮಣ್ಣಿನ ಕೆಲಸ ಇಷ್ಟ, ಮನಸ್ಸು ಶಾಂತವಾಗುತ್ತದೆ" ಎಂದಾಗಿತ್ತು. ಕೊನೆಯದು, "ಮೊದಲ ಮಡಕೆಯನ್ನು ಈ ಫಾರಂ ಮಾಡಿದವನ ತಲೆ ಮೇಲೆ ಒಡೆಯಬೇಕು." ಅದಕ್ಕೂ ನನ್ನ ಪುಟ, ವಿವರ ಸಾಲದು, ಇನ್ನಷ್ಟು ಬರೆಯಿರಿ ಎಂದೇ ಉತ್ತರಿಸಿತ್ತು.

ಹೆಂಡತಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಇಷ್ಟೊಂದು ಜನಕ್ಕೆ ಅವಳು ಬೇಕಾಗಿದ್ದಳು! ಕುಳಿತಲ್ಲೇ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಊಟದ ಹೊತ್ತಿಗೆ ಆರೂ ತಿಗರಿ ಭರ್ತಿಯಾಗಿ, ಇನ್ನೂ ಹಲವರು ಮುಂದಿನ ತಂಡಕ್ಕೆ ಹೆಸರು ಕೊಟ್ಟಿದ್ದರು.

ಸೋಮವಾರ ನಾನು ಪ್ರಾಯಶ್ಚಿತ್ತಕ್ಕೆಂದು ಟೀ ತಟ್ಟೆ ಹಿಡಿದು ಕೆಳಗಿಳಿದೆ. ಕೋಣೆಯೇ ಅದುರುತ್ತಿತ್ತು. ಆರು ಜನ ಮಣ್ಣಿನ ಮುದ್ದೆಯನ್ನು ಎತ್ತೆತ್ತಿ ಮೇಜಿಗೆ ಬಡಿಯುತ್ತಿದ್ದರು.

"ಒಳಗೆ ಗಾಳಿ ಉಳಿದ್ರೆ ಸುಡುವಾಗ ಒಡೆದುಹೋಗುತ್ತೆ," ಎನ್ನುತ್ತಿದ್ದಳು ಹೆಂಡತಿ. "ಇನ್ನೂ ಜೋರಾಗಿ ಹೊಡೀರಿ. ಫಾರಂ ಮಾಡಿದವರನ್ನ ನೆನೆಸ್ಕೊಳ್ಳಿ."

ಧಬ್! ಮಣ್ಣು ಅಷ್ಟು ಸೊಗಸಾಗಿ ಹದವಾದದ್ದನ್ನು ನಾನು ಕಂಡೇ ಇರಲಿಲ್ಲ. ಹಲ್ಲಿನ ಡಾಕ್ಟರು ತೋಳು ಮೇಲೇರಿಸಿಕೊಂಡು, ಆ ಮಹಾನುಭಾವ ಎಲ್ಲಿದ್ದಾನೆ ಎಂದು ವಿಚಾರಿಸಿದರು. ಹೆಂಡತಿ ನನ್ನನ್ನೊಮ್ಮೆ ನೋಡಿದಳು.

"ಊರಲ್ಲಿಲ್ಲ," ಎಂದಳು.

ಡಾಕ್ಟರು ನನ್ನ ತಟ್ಟೆಯಿಂದ ಲೋಟ ಎತ್ತಿಕೊಳ್ಳುತ್ತ, "ನೀವು?" ಎಂದರು.

"ಟೀ ತರೋನು ಸಾರ್," ಎಂದೆ.