ಕೊಳೆರೋಗಕ್ಕೆ ಒಗ್ಗರಣೆ

ರೋಗ ಹುಡುಕಿಕೊಂಡು ಬರುವವರ ಜೊತೆ ಒಂದು ಮಳೆಗಾಲ ಕೆಲಸ ಮಾಡಿ ನೋಡಿ ಮಾರಾಯ್ರೆ, ನಗಲಿಕ್ಕೆ ಬೇರೆ ನಾಟಕ ಬೇಡ.

ಐವತ್ತರ ದಶಕದ ಕೊನೆಗೆ ನಮ್ಮ ಪೆರಾಬೆಯಲ್ಲಿ ಸರಕಾರದ್ದೊಂದು ತಗಡಿನ ಶೆಡ್ಡು ಇತ್ತು. ಅದರಲ್ಲಿ ಒಬ್ಬರು ಆಫೀಸರು. ಮೊದಲು ಎಲ್ಲೋ ಚಳಿ ಗುಡ್ಡದಲ್ಲಿ ಬಟಾಟೆಯ ಅಂಗಮಾರಿ ರೋಗದ ಹಿಂದೆ ಬಿದ್ದಿದ್ದವರು. ನಮ್ಮ ಅಡಿಕೆಯ ಕೊಳೆರೋಗವೂ ಆ ಅಂಗಮಾರಿಯೂ ಒಂದೇ ಕುಟುಂಬ ಎಂದು, ನೆಂಟಸ್ತಿಕೆ ವಿಚಾರಿಸಲು ಘಟ್ಟ ಇಳಿದು ಬಂದಿದ್ದರು. ಸಹಾಯಕ್ಕೆ ಯಾರು? ನಾನೇ. ಪೆರಾಬೆಯಿಂದ ಈಶ್ವರಮಂಗಲದವರೆಗೆ ಮರ ಹತ್ತುವುದರಲ್ಲಿ ನನ್ನ ಸಮ ಇನ್ನೊಬ್ಬ ಇರಲಿಲ್ಲ. ಈಗಲೂ ಇಲ್ಲ.

ಮಳೆಗಾಲದ ಕೊನೆಗೆ ದೊಡ್ಡ ಸಾಹೇಬರು ಬಂದು ನೋಡುವುದು, ಕೆಲಸ ಮನಸ್ಸಿಗೆ ಬಂದರೆ ಶೆಡ್ಡು ಉಳಿಯುವುದು, ಇಲ್ಲದಿದ್ದರೆ ಕಿತ್ತು ಬೇರೆ ಊರಿಗೆ ಒಯ್ಯುವುದು ಎಂದು ಅಪ್ಪಣೆಯಾಗಿತ್ತು. "ನಾನಿರುವಾಗ ಶೆಡ್ಡು ಹೋಗುದಾ?" ಎಂದು ಕಬಕದ ಹೋಟೆಲಿನಲ್ಲಿ ಮೇಜು ಕುಟ್ಟಿ ಹೇಳಿ ಬಂದಿದ್ದೆ. ಆಫೀಸರು ವರ್ಗವಾಗಿ ಹೋಗಿ ಕೆಲವು ವರ್ಷವಾಯಿತು. ಈಗಲೂ ಎಲ್ಲಾದರೂ ನೀಲಿ ಮೈಲುತುತ್ತು, ಸುಣ್ಣ ಕಲಸಿ ಕೊಳೆಯ ಮದ್ದು ಮಾಡುವುದು ಕಂಡರೆ ನನ್ನ ಕಾಲು ತಾನಾಗಿ ಅಲ್ಲಿ ನಿಲ್ಲುತ್ತದೆ.

ಬಟಾಟೆ ನೀರು

ಬಟಾಟೆ ಬೇಯಿಸಿದ ನೀರಿನಲ್ಲಿ ರೋಗದ ಬೂಷ್ಟು ಚೆನ್ನಾಗಿ ಬೆಳೆಯುತ್ತದಂತೆ. ಹಾಗಾಗಿ ಆಫೀಸರು ಅಡುಗೆಕೋಣೆಗೆ ಬಂದು ಬಟಾಟೆ ಬೇಯಿಸಿ, ನೀರು ಬಸಿದು ಜೋಪಾನ ಮಾಡಿ, ಬೆಂದ ಬಟಾಟೆಯನ್ನು ಬಿಸಾಡಲು ಹೇಳುತ್ತಿದ್ದರು. ಶೆಡ್ಡಿನ ಅಡುಗೆ ಭಟ್ರಿಗೆ ಇದನ್ನು ಕಂಡು ಹೊಟ್ಟೆ ಉರಿಯುತ್ತಿತ್ತು.

"ಎಂತ ಕಲಿತು ಎಂತ ಪ್ರಯೋಜನ ಮಾರಾಯ? ತಿನ್ನುದನ್ನು ಬಿಸಾಡುದು, ಚೆಲ್ಲುದನ್ನು ಇಟ್ಟುಕೊಳ್ಳುದು!" ಎಂದು ನನ್ನ ಹತ್ತಿರ ಗೊಣಗುತ್ತಾ, ಆ ಬಟಾಟೆಯ ಪಲ್ಯ ಮಾಡಿ ನಮಗೆ ಬಡಿಸುತ್ತಿದ್ದರು. ನಾವಿಬ್ಬರೂ ಆ ವರ್ಷ ಒಳ್ಳೆ ಉರುಟಾದೆವು.

ಒಂದು ಸಲ ಎಷ್ಟು ದಿನ ಕಾದರೂ ಗಾಜಿನ ನಳಿಗೆಯಲ್ಲಿ ಬೂಷ್ಟು ಹುಟ್ಟಲೇ ಇಲ್ಲ. ಆಫೀಸರು ಮುಚ್ಚಳ ತೆಗೆದು ಮೂಸಿದರು. ಮುಖ ಒಂದು ತರಹ ಆಯಿತು.

"ಭಟ್ರೇ, ಈ ನೀರಿಗೆ ಏನು ಹಾಕಿದ್ರಿ?"

"ಪಾಪ, ಸಪ್ಪೆ ನೀರು ಹೇಗೆ ಕುಡಿಯುದು ಅಂತ ಸ್ವಲ್ಪ ಸಾಸಿವೆ, ಕರಿಬೇವು, ಇಂಗು. ಎಂತ ಸ್ವಾಮಿ, ಉಪ್ಪು ಕಮ್ಮಿ ಆಯ್ತಾ?"

ಕೊಳೆರೋಗಕ್ಕೆ ಇಂಗಿನ ಒಗ್ಗರಣೆ ಆಗುವುದಿಲ್ಲ ಎಂದು ಲೋಕದಲ್ಲಿ ಮೊದಲು ಕಂಡುಹಿಡಿದದ್ದು ನಮ್ಮ ಪೆರಾಬೆಯಲ್ಲಿ!

ಕೊಳೆತ ಕಾಯಿ ಎಲ್ಲಿ ಉಂಟು?

ಪರೀಕ್ಷೆಗೆ ಕೊಳೆತ ಅಡಿಕೆ ಬೇಕಾಯಿತು. ಆಫೀಸರನ್ನು ಕರೆದುಕೊಂಡು ಹೊರಟೆ. ಕೊಳೆ ಬಂತು ಎಂದರೆ ಮನೆಯ ಮರ್ಯಾದೆ ಹೋಯಿತು ಎಂದೇ ನಮ್ಮವರ ಲೆಕ್ಕ. ಮೊದಲ ಮನೆಯ ಯಜಮಾನರು, "ನಮ್ಮಲ್ಲಿ ಕೊಳೆಯಾ? ಛೆ ಛೆ! ಆಚೆಮನೆಯಲ್ಲಿ ಕೇಳಿ, ರಾಶಿ ಉಂಟು" ಎಂದರು. ಆಚೆಮನೆಯವರು ಅದರ ಆಚೆಮನೆ ತೋರಿಸಿದರು. ಹೀಗೆ ಮನೆಯಿಂದ ಮನೆಗೆ, ಮಜ್ಜಿಗೆ ಕುಡಿದು ಕುಡಿದು, ಗುಡ್ಡಕ್ಕೆ ಸುತ್ತು ಹಾಕಿ ಸಂಜೆಗೆ ಬಂದು ನಿಂತದ್ದು ಮೊದಲ ಮನೆಯ ಹಿತ್ತಿಲಿನ ಬದಿಗೆ.

ಅಲ್ಲಿ ಯಜಮಾನರು ಬುಟ್ಟಿಯಲ್ಲಿ ಕೊಳೆತ ಕಾಯಿ ತುಂಬಿಸಿ ಗುಂಡಿಗೆ ಹಾಕುತ್ತಿದ್ದರು. ನಮ್ಮನ್ನು ಕಂಡದ್ದೇ, "ನೋಡಿ ಸ್ವಾಮಿ, ಆಚೆಮನೆಯದ್ದು ಇಲ್ಲಿವರೆಗೆ ಉರುಳಿ ಬರ್ತದೆ!" ಎಂದರು.

ಕೆಂಪು ಬಟ್ಟೆಯ ಮರಗಳು

ದೊಡ್ಡ ಪರೀಕ್ಷೆ ನಡೆದದ್ದು ಮಾರ್ಗದ ಬದಿಯ ಒಂದು ತೋಟದಲ್ಲಿ. ಯಜಮಾನರು ಸಾಧು ಮನುಷ್ಯ. ತೋಟ ನಡೆಸುತ್ತಿದ್ದದ್ದು ಅವರ ಹೆಂಡತಿ, ಊರಿಗೆಲ್ಲ ಅಕ್ಕ. ಆಫೀಸರ ಲೆಕ್ಕ ಇಷ್ಟೆ: ಎಲ್ಲ ಮರದ ಗೊನೆಗೂ ಪಂಪಿನಲ್ಲಿ ಮದ್ದು ಬಿಡುವುದು, ಕೆಂಪು ಬಟ್ಟೆ ಕಟ್ಟಿದ ಎರಡು ಸಾಲಿಗೆ ಮಾತ್ರ ಬಿಡದೆ ಇರುವುದು. ಅವು ಕೊಳೆತರೆ ಮದ್ದಿನ ಗುಣ ಸಾಹೇಬರಿಗೆ ಕಣ್ಣಾರೆ ಕಾಣುತ್ತದೆ. ಮದ್ದು ಬಿಟ್ಟದ್ದು ನಾನು. ಹನಿ ಸಹ ಆಚೆ ಹಾರಲಿಲ್ಲ, ಅಂಥ ಕೈ ನನ್ನದು.

ಮಳೆ ಹೊಡೆಯಿತು. ಕೆಂಪು ಸಾಲಿನ ಬುಡದಲ್ಲಿ ಒಂದು ಕಾಯಿಯೂ ಬಿದ್ದಿರಲಿಲ್ಲ. ಆಫೀಸರಿಗೆ ಚಿಂತೆ ಹತ್ತಿತು. "ಅಕ್ಕ ಗುಡಿಸಿರಬೇಕು ಸ್ವಾಮಿ. ಮೇಲೆ ಎಲ್ಲ ಕೊಳೆತಿರ್ತದೆ, ನಾನು ಹೇಳುದಲ್ವಾ?" ಎಂದು ಧೈರ್ಯ ಕೊಟ್ಟೆ.

ಸಾಹೇಬರು ಬಂದರು. ಅರ್ಧ ಊರೇ ಸೇರಿತ್ತು. "ಇದರಲ್ಲಿ ಒಂದು ಗಟ್ಟಿ ಕಾಯಿ ಸಿಕ್ಕಿದರೆ ನನ್ನ ಮೀಸೆ ಬೋಳಿಸಿ" ಎಂದು ಸಾರಿ, ಕೆಂಪು ಬಟ್ಟೆಯ ಮರಕ್ಕೆ ಮಂಗನ ಹಾಗೆ ಹತ್ತಿದೆ. ಗೊನೆ ಇಳಿಸಿದರೆ ಕಲ್ಲಿನಂಥ ಹಸಿರು ಕಾಯಿ! ನನ್ನ ಕೈಯೆಲ್ಲ ನೀಲಿ ನೀಲಿ. ಮದ್ದು ಬಿಟ್ಟ ಸಾಲಿಗಿಂತ ಹೆಚ್ಚು ಮದ್ದು ಇಲ್ಲಿಯೇ ಅಂಟಿತ್ತು. ಆಫೀಸರು ಅಡಿಕೆ ಹಾಳೆಯ ಹಾಗೆ ಬಿಳಿಚಿಕೊಂಡರು.

ಅಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಇವರು ಪಾಪ ಬಿಟ್ಟುಹೋದ ಮರಕ್ಕೆ ನಾನೇ ಸುಳ್ಯದಿಂದ ತಮ್ಮನನ್ನು ಕರೆಸಿ ಎರಡು ಸಲ ಹೊಡೆಸಿದೆ. ಮಾರ್ಗದ ಬದಿಯ ಮರ ಸ್ವಾಮಿ! ಬಸ್ಸಿನಲ್ಲಿ ಹೋಗುವವರು ಎಂತ ಹೇಳಿಯಾರು?"

ಸಾಹೇಬರು ಮರವನ್ನೂ ಅಕ್ಕನನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮದ್ದು ಹೊಡೀರಿ ಅಂದ್ರೆ ಕೇಳೋರಿಲ್ಲ. ಇಲ್ಲಿ ಬೇಡ ಅಂದ್ರೂ ಹೊಡೀತಾರೆ! ಶೆಡ್ಡು ಇರಲಿ. ಆದ್ರೆ ತಾಯಿ, ಮುಂದಿನ ವರ್ಷ ಎರಡು ಸಾಲು ಕೊಳೆಯೋಕೆ ಬಿಡಿ."

ಅಕ್ಕ ಬೇಲಿಯ ಕಡೆ ಕೈ ತೋರಿಸಿದರು. "ಕೊಳೆಯಲೇಬೇಕು ಅಂತಾದರೆ ನಮ್ಮ ಮರ ಎಂತಕ್ಕೆ ಸ್ವಾಮಿ? ಆಚೆಮನೆಯವರದ್ದು ಉಂಟಲ್ಲ!"