ರೇವಾಲ್ ಕುದುರೆಯ ಮೇಲೆ ಮನೆ ಅಳಿಯ

ತಿಳಿಯದ ವಿಷಯವನ್ನು ತಿಳಿದವನಂತೆ ಹೇಳುವುದರಲ್ಲಿ ನನ್ನನ್ನು ಮೀರಿಸುವ ಅಳಿಯ ಶಿಡ್ಲಘಟ್ಟದ ಸುತ್ತಮುತ್ತ ಇನ್ನೊಬ್ಬನಿಲ್ಲ. ಹೆಂಡತಿಯ ತವರಿನಲ್ಲಿ ನನಗೆ ಸಿಗುವ ಮರ್ಯಾದೆಯೆಲ್ಲ ಈ ಒಂದು ವಿದ್ಯೆಯ ಮೇಲೆ ನಿಂತಿದೆ. ಹಾಗಾಗಿ ಹಿಪ್ಪುನೇರಳೆ ಬೆಳೆಯುವ ನನ್ನ ಬಾಮೈದ ಮುನಿರಾಜ, "ಭಾವ, ಒಂದು ಕುದುರೆ ತಗೊಳ್ಳಣ ಅಂತಿದೀನಿ, ಯಾವ್ ಜಾತೀದು ಒಳ್ಳೇದು?" ಎಂದಾಗ, ಕತ್ತೆಯನ್ನೂ ಹತ್ತಿರದಿಂದ ನೋಡದ ನಾನು ಮೊಬೈಲಿನಲ್ಲಿ ಓದಿದ್ದನ್ನೇ ಸ್ವಂತ ಅನುಭವದಂತೆ ಬಿಚ್ಚಿಟ್ಟೆ. ಮಾರ್ವಾಡಿ ತಳಿಯೇ ಆಗಬೇಕು. ರಾಜಸ್ಥಾನದ ರಜಪೂತರ ಲಾಯಗಳಲ್ಲಿ, ಅಲ್ಲಿನ ತಟ್ಟು ಕುದುರೆಗಳಿಗೆ ಅರಬ್ಬೀ ರಕ್ತ ಬೆರೆತು ಬಂದ ವಂಶ. ಕಿವಿಗಳ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುತ್ತವೆ. ರೇವಾಲ್ ಎಂಬ ನಡಿಗೆ ಅದಕ್ಕೆ ಹುಟ್ಟಿನಿಂದಲೇ ಬರುತ್ತದೆ. ಕೂತವನ ಮೈ ಕುಲುಕುವುದಿಲ್ಲ, ಕೈಯಲ್ಲಿರುವ ಕಾಫಿ ತುಳುಕುವುದಿಲ್ಲ. ಗುಂಡಿ ಬಿದ್ದ ಚಿಂತಾಮಣಿ ರಸ್ತೆಯಲ್ಲೂ ತುಳುಕುವುದಿಲ್ಲ ಎಂದು ಸೇರಿಸಿದೆ.

ಮಹಾನುಭಾವ ಕುದುರೆ ತಂದೇಬಿಟ್ಟ. ಆ ಮನೆಗೆ ಹೊಸ ಗಾಡಿ ಬಂದರೆ ಪೂಜೆ ಮಾಡಿ ಮನೆ ಅಳಿಯನೇ ಮೊದಲು ಓಡಿಸಬೇಕು. ಕುದುರೆಗೂ ಅದೇ ಶಾಸ್ತ್ರವಾಯಿತು, ನಾಲ್ಕು ಗೊರಸಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. ನನಗೆ ಸೊಂಟನೋವು ಎಂದೆ. "ಮೈ ಕುಲುಕಲ್ಲ ಅಂದೋರು ನೀವೇ ತಾನೆ? ಹತ್ರೀ, ಎಲ್ರೂ ಕಾಯ್ತಾವ್ರೆ" ಎಂದಳು ನನ್ನವಳು. ಹತ್ತದಿದ್ದರೆ ಇಷ್ಟು ವರ್ಷ ಗಳಿಸಿದ ಮರ್ಯಾದೆ ಮಣ್ಣುಪಾಲು. ಜೀವ ಕೈಯಲ್ಲಿ ಹಿಡಿದು ಹತ್ತಿದೆ.

ನಾನು ಬಿಟ್ಟದ್ದು ಬುರುಡೆಯಾಗಿರಲಿಲ್ಲ! ಕುದುರೆ ತೇಲಿದ ಹಾಗೆ ನಡೆಯಿತು. ಎಷ್ಟು ಮೆತ್ತಗೆ ಎಂದರೆ, ಅದು ತೋಟದ ದಾರಿ ಬಿಟ್ಟು ಕಲ್ಯಾಣ ಮಂಟಪದ ಕಡೆ ತಿರುಗಿದ್ದೇ ನನಗೆ ತಿಳಿಯಲಿಲ್ಲ. ಅಲ್ಲಿ ಯಾರದೋ ಮದುವೆಗೆ ಬ್ಯಾಂಡ್ ಬಾರಿಸುತ್ತಿದ್ದರು. ಕುದುರೆ ನೇರವಾಗಿ ಮೆರವಣಿಗೆಯ ಮುಂದೆ ಹೋಗಿ, ಕಾಲೆತ್ತಿ ಕುಣಿಯತೊಡಗಿತು. ಏದುಸಿರು ಬಿಡುತ್ತಾ ಓಡಿಬಂದ ಮುನಿರಾಜ, "ಮೊದ್ಲು ಬೆಂಗಳೂರಲ್ಲಿ ಮದ್ವೆ ಮೆರವಣಿಗೆಗೇ ಇತ್ತಂತೆ ಭಾವ, ಹೇಳೋದ್ ಮರ್ತೆ" ಎಂದ. ಎಂಥ ಉಪಕಾರ!

ಅಷ್ಟರಲ್ಲಿ ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಆರತಿ ತಟ್ಟೆ ಹಿಡಿದು ಬಂದರು. ನನ್ನ ಬೋಳುತಲೆ ಕಂಡು ಅಲ್ಲೇ ನಿಂತರು. "ಈಯನೇನಾ ಪೆಳ್ಳಿಕೊಡುಕು, ಮದ್ವೆಗಂಡು? ಅಯ್ಯೋ, ಇಂಥ ಮುದ್ಕನಿಗಾ ನಮ್ ಮಗೂನ ಕೊಡ್ತಿರೋದು?"

"ಇಲ್ಲಜ್ಜಿ, ಇವ್ರು ನಮ್ಮನೆ ಅಳಿಯ, ಬಹಳ ತಿಳ್ಕೊಂಡೋರು" ಎಂದ ಮುನಿರಾಜ.

ಅಜ್ಜಿ ನಿಟ್ಟುಸಿರು ಬಿಟ್ಟು, ಕುದುರೆಗೆ ಆರತಿ ಎತ್ತಿ, ಅದರ ಹಣೆಗೆ ಕುಂಕುಮ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇಳಿಯಪ್ಪ, ಗಂಡು ಹತ್ಬೇಕು" ಎಂದರು.

ಇಳಿದೆ. ಮದುವೆ ಮನೆಯವರು ಕುದುರೆಯನ್ನು ಸುತ್ತುವರಿದು, ಇದು ಯಾವ ತಳಿ, ಎಲ್ಲಿಯದು ಎಂದು ಮುನಿರಾಜನನ್ನು ಕೇಳತೊಡಗಿದರು. ಅವನು ಗಂಟಲು ಸರಿಮಾಡಿಕೊಂಡು, ರಜಪೂತರ ಲಾಯದಿಂದ ಶುರುಮಾಡಿದ. ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ.